ಅತ್ತೆಯ ಕೈಗೊಂದು ಕ್ಯಾಮೆರಾ: ಎಂಟು ಸೂತ್ರಗಳು

ಹಿರೇಗುಂಟನೂರಿನ ಸೋದರತ್ತೆ ಫೋನಿನಲ್ಲಿ, ‘ನಂಗೊಂದು ಸಣ್ಣ ಕ್ಯಾಮೆರಾ ತಂದ್ಕೊಡಪ್ಪ, ರೇಟು ಜಾಸ್ತಿ ಬ್ಯಾಡ’ ಅಂದರೆ ಏನು ಮಾಡುತ್ತೀರಿ? ಚಿತ್ರದುರ್ಗದ ಅಂಗಡಿಗೆ ಓಡುವ ಮುಂಚೆ ಇಷ್ಟು ನೋಡಿಕೊಳ್ಳಿ.

1. ಮೊದಲು ಕೇಳಿ, ಆಮೇಲೆ ಕೊಳ್ಳಿ. ತೆಗೆದ ಫೋಟೋ ಆಗಲೇ ವಾಟ್ಸ್‌ಆ್ಯಪಿಗೆ ಹೋಗಬೇಕೆಂದರೆ ಫೋನೇ ಸಾಕು, ದುಡ್ಡು ಉಳಿಸಿ. ಜಾತ್ರೆ, ನಾಮಕರಣ, ಪ್ರವಾಸ ಎಲ್ಲ ಆಲ್ಬಮ್ ಸೇರಬೇಕೆಂದರೆ ಕ್ಯಾಮೆರಾ ಹುಡುಕಿ.

2. ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. 4x6 ಇಂಚಿನ ಪ್ರಿಂಟಿಗೆ 2 ಮೆಗಾಪಿಕ್ಸೆಲ್, ಗೋಡೆಗೆ ಹಾಕುವ 8x12ಕ್ಕೆ 9 ಇದ್ದರಾಯಿತು. ಅಗ್ಗದ ಕ್ಯಾಮೆರಾದ ಸೆನ್ಸರ್ ಕಡಲೆಬೇಳೆಯಷ್ಟೇ ಇರುತ್ತದೆ, ಸುಮಾರು 6 ಮಿ.ಮೀ. ಅಗಲ. ಅದರೊಳಗೆ 20 ತುರುಕಿದರೆ ಮಬ್ಬು ಬೆಳಕಿನಲ್ಲಿ ಚಿತ್ರವೆಲ್ಲ ರವೆರವೆ.

3. ಆಪ್ಟಿಕಲ್ ಜೂಮ್ ಎಷ್ಟೆಂದು ಕೇಳಿ. ಡಿಜಿಟಲ್ ಜೂಮ್ ಚಿತ್ರವನ್ನು ಹಿಗ್ಗಿಸುತ್ತದಷ್ಟೇ, ಹತ್ತಿರ ತರುವುದಿಲ್ಲ. 1933ರ ಬಳಿಕ 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ನೀರನ್ನು ದೂರದಿಂದಲೇ ಸೆರೆಹಿಡಿಯಲು ಬೇಕಾಗಿದ್ದದ್ದು ನಿಜವಾದ ಜೂಮ್. 5 ಪಟ್ಟು ಇದ್ದರೆ ಮನೆಮಂದಿಗೆ ಧಾರಾಳ.

4. ಬ್ಯಾಟರಿ ಎಲ್ಲಿ ಸಿಗುತ್ತದೆ? ಹಳೆಯ ಕ್ಯಾನನ್ ಪವರ್‌ಶಾಟ್ ‘ಎ’ ಸರಣಿಯ ಎಷ್ಟೋ ಕ್ಯಾಮೆರಾಗಳು ಪೆನ್ಸಿಲ್ ಸೆಲ್ಲಿನಲ್ಲೇ ಓಡುತ್ತವೆ. ಚಾರ್ಜ್ ಮಾಡುವ ಸೆಲ್ ನಾಲ್ಕು ಕೊಡಿಸಿ. ಸಾದಾ ಸೆಲ್ ಬೇಗ ಕೈಕೊಡುತ್ತದೆ.

5. ಸೆಕೆಂಡ್ ಹ್ಯಾಂಡ್ ಆದರೆ ಹತ್ತು ಸಲ ಆನ್-ಆಫ್ ಮಾಡಿ. ಲೆನ್ಸ್ ಕರಕರ ಎಂದರೆ ಕೈಬಿಡಿ. ಬಿಳಿ ಗೋಡೆಯ ಫೋಟೋ ತೆಗೆದು ಚುಕ್ಕೆ ಇದೆಯೇ ನೋಡಿ. ಅದಿರು ಲಾರಿಗಳ ಕೆಂಧೂಳಿನ ಸೀಮೆ ನಮ್ಮದು. ಒಳಗೆ ಹೊಕ್ಕ ಧೂಳು ಒರೆಸಿದರೆ ಹೋಗುವುದಿಲ್ಲ. ಜಿಪ್ ಇರುವ ಚೀಲವೂ ಲೆಕ್ಕದಲ್ಲಿರಲಿ.

6. ಕಾರ್ಡ್ ಹೊಂದುತ್ತದೆಯೇ? 2006ಕ್ಕಿಂತ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿ ದಾಟಿದ ಎಸ್‌ಡಿ ಕಾರ್ಡ್ ಓದುವುದಿಲ್ಲ. ಹಳೆಯ ಸೋನಿಗೆ ಮೆಮೊರಿ ಸ್ಟಿಕ್ಕೇ ಬೇಕು. ಕಾರ್ಡ್ ಹಾಕಿ ನೋಡಿಯೇ ದುಡ್ಡು ಎಣಿಸಿ.

7. ಫ್ಲ್ಯಾಶ್‌ನ ಮಿತಿ ಹೇಳಿಕೊಡಿ. ಅದರ ಬೆಳಕು ಮೂರ‍್ನಾಲ್ಕು ಮೀಟರ್ ದಾಟದು. ಕತ್ತಲಲ್ಲಿ ದೂರದ ತೇರಿಗೆ ಫ್ಲ್ಯಾಶ್ ಹೊಡೆದರೆ ಮುಂದೆ ನಿಂತವರ ಬೆನ್ನಷ್ಟೇ ಬೆಳಗುತ್ತದೆ.

8. ಸಿದ್ಧಮಾಡಿ ಕೊಡಿ. ದಿನಾಂಕ ಹಾಕಿ, ‘ಆಟೊ’ದಲ್ಲಿಡಿ, ಕೈಗೆ ಹಾಕಿಕೊಳ್ಳುವ ದಾರ ಕಟ್ಟಿ. ಮೆನುವಿನಲ್ಲಿ ಕನ್ನಡ ಸಿಗುವುದು ಅಪರೂಪ. ಓದಿಸಬೇಡಿ, ಮೂರು ಗುಂಡಿ ತೋರಿಸಿ ಸಾಕು. ಅಡಿಕೆ ಸುಲಿದ ಕೈಗೆ ಗುಂಡಿ ಸಣ್ಣದಾಯಿತೆಂದರೆ ಮಾಡೆಲ್ಲನ್ನೇ ಬದಲಿಸಿ. ಬೀರುವಿನಲ್ಲಿ ಮಲಗುವ ಕ್ಯಾಮೆರಾ ಎಷ್ಟು ಅಗ್ಗವಾದರೂ ದುಬಾರಿಯೇ.

ಕೊನೆಗೆ, ಮೊದಲ ಫೋಟೋ ಅತ್ತೆಯೇ ತೆಗೆಯಲಿ, ಅದೂ ನಿಮ್ಮದನ್ನೇ. ನಿಮ್ಮ ತಲೆ ಅರ್ಧಕ್ಕೇ ಹೋಗಿದ್ದರೂ ಅದನ್ನು ಪ್ರಿಂಟ್ ಹಾಕಿಸಿಕೊಡಿ. ಎರಡನೆಯದನ್ನು ಅವರಾಗಿಯೇ ತೆಗೆಯುತ್ತಾರೆ.