ವರ್ಗಾವಣೆ ಮತ್ತು ಹಿಂಪಡೆತ: ಎರಡು ಪದಗಳ ಪಾಠ

ತಾಳವಾಡಿಯ ನಮ್ಮ ತರುಣರು ದಿಂಬಂ ಘಾಟಿಯಿಳಿದು ಸತ್ಯಮಂಗಲಕ್ಕೋ, ಚಾಮರಾಜನಗರ ದಾಟಿ ಮೈಸೂರಿಗೋ ದುಡಿಯಲು ಹೋಗುತ್ತಾರೆ. ಕೆಲಸ ಬದಲಾದಾಗ ಭವಿಷ್ಯ ನಿಧಿಯ ವಿಚಾರದಲ್ಲಿ ಎರಡು ಪದಗಳು ಎದುರಾಗುತ್ತವೆ. ‘ವರ್ಗಾವಣೆ’ಯೆಂದರೆ ಹಣವು ಹಳೆಯ ಖಾತೆಯಿಂದ ಹೊಸದಕ್ಕೆ ಸಾಗುವುದು, ಅದಕ್ಕೆ ತೆರಿಗೆಯಿಲ್ಲ, ಹಿಂದಿನ ಸೇವೆಯೂ ಕೂಡಿಕೊಳ್ಳುತ್ತದೆ. ಅಲ್ಲಿ 3, ಇಲ್ಲಿ 2 ವರ್ಷ ದುಡಿದವರ ಸೇವೆ ಆಗ 5 ವರ್ಷವೇ. ‘ಹಿಂಪಡೆತ’ವೆಂದರೆ ಹಣ ಕೈಸೇರುವುದು; ಸೇವೆ 5 ವರ್ಷ ತುಂಬದಿದ್ದರೆ ಸಾಮಾನ್ಯವಾಗಿ ತೆರಿಗೆಯುಂಟು. ಮೊತ್ತ 50,000 ರೂಪಾಯಿ ಮುಟ್ಟಿದರೆ, ಪ್ಯಾನ್ ಕೊಟ್ಟವರಿಗೂ ಶೇ. 10 ಮೂಲದಲ್ಲೇ ಕಡಿತವಾಗುತ್ತದೆ. ಕಡಿತವಾಗದಿದ್ದರೂ ತೆರಿಗೆಗೆ ಒಳಪಡುವ ಭಾಗವನ್ನು ಆದಾಯ ವಿವರದಲ್ಲಿ ತೋರಿಸಬೇಕು.

ಮರಾಠಿಯಲ್ಲಿ ಇದಕ್ಕೆ ‘ಭವಿಷ್ಯ ನಿರ್ವಾಹ ನಿಧಿ’ಯೆಂದು ಹೆಸರು, ಅಲ್ಲಿ ನಿರ್ವಾಹವೆಂದರೆ ಹೊಟ್ಟೆಪಾಡು. ಆ ಅರ್ಥ ನೆನಪಿದ್ದವರು ಅರ್ಜಿ ತುಂಬುವಾಗ ಮೊದಲ ಪದವನ್ನೇ ಆರಿಸಿಯಾರು.