ಸಣ್ಣ ಭತ್ತದ ಹಿಡುವಳಿ ಮತ್ತು ಸಾಲ: ನಾಟಿಗೆ ಮುಂಚೆ ಮಾಡಬೇಕಾದ ಲೆಕ್ಕ

ಗೊರೂರಿನ ಬಳಿ ಹೇಮಾವತಿ ನದಿಗೆ ಅಣೆಕಟ್ಟು ಪೂರ್ಣವಾದದ್ದು 1979ರಲ್ಲಿ. ಅದಕ್ಕೂ ಮುಂಚೆ ಕಾವೇರಿಗೆ ಕಟ್ಟೇಪುರದಲ್ಲಿ, ಹೇಮಾವತಿಗೆ ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಕಟ್ಟೆಯಲ್ಲಿ ತಡೆದ ನೀರಿನಿಂದ ಗದ್ದೆ ಬೇಸಾಯ ನಡೆಯುತ್ತಿತ್ತು. ಸುಮಾರು 37 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಗೊರೂರು ಜಲಾಶಯದ ನಾಲೆಗಳು ಬಂದ ಮೇಲೆ ಅರಕಲಗೂಡು, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಎಷ್ಟೋ ರಾಗಿ ಹೊಲಗಳು ಭತ್ತದ ಗದ್ದೆಗಳಾದವು. ನೀರು ಬಂತು, ಹೊಸ ತಳಿಗಳು ಬಂದವು, ಇಳುವರಿಯೂ ಹೆಚ್ಚಿತು. ಆದರೂ ಒಂದೆರಡು ಎಕರೆ ಗದ್ದೆಯ ರೈತರಲ್ಲಿ ಅನೇಕರು ಸಾಲದಿಂದ ಹೊರಬಂದಿಲ್ಲ. ಒಳ್ಳೆಯ ಫಸಲು ಬಂದ ವರ್ಷವೂ ಕಣ ಗುಡಿಸುವ ಹೊತ್ತಿಗೆ ಕೈ ಬರಿದಾಗಿರುವುದನ್ನು ನಾವು ಕಾಣುತ್ತೇವೆ.

ಇದಕ್ಕೆ ಇಳುವರಿಯ ಕೊರತೆಯೊಂದೇ ಕಾರಣವಲ್ಲ. ಸಾಲ ಎಲ್ಲಿಂದ ತಂದದ್ದು, ಯಾವಾಗ ತೀರಿಸಬೇಕಾದದ್ದು, ಭತ್ತ ಯಾವಾಗ ಮಾರಿದ್ದು ಎಂಬ ಮೂರು ವಿಷಯಗಳೇ ಬಹಳಷ್ಟು ಸಲ ರೈತನ ಲಾಭ ನಷ್ಟವನ್ನು ತೀರ್ಮಾನಿಸುತ್ತವೆ. ಈ ಲೆಕ್ಕವನ್ನು ಒಕ್ಕಣೆಯ ನಂತರ ಹಾಕಿದರೆ ಪ್ರಯೋಜನವಿಲ್ಲ. ಒಟ್ಟಲು ಬಿಡುವುದಕ್ಕೆ ಮುಂಚೆಯೇ ಹಾಕಬೇಕು.

ಒಂದು ಎಕರೆಯ ಲೆಕ್ಕ

ತಿಳಿಯಲು ಸುಲಭವಾಗಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ಖರ್ಚು, ಇಳುವರಿ ಮತ್ತು ಕಣದ ಬೆಲೆ ಕೇವಲ ಮಾದರಿ. ರೈತರು ತಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಒಂದು ಎಕರೆ ಭತ್ತಕ್ಕೆ ಉಳುಮೆ, ಬೀಜ, ಗೊಬ್ಬರ, ನಾಟಿ, ಕಳೆ, ಕಟಾವು ಎಲ್ಲ ಸೇರಿ ಕೈಯಿಂದ 30,000 ರೂಪಾಯಿ ಖರ್ಚಾಯಿತು ಎಂದಿಟ್ಟುಕೊಳ್ಳಿ. ಇಳುವರಿ 20 ಕ್ವಿಂಟಲ್. ಮನೆಯ ಊಟಕ್ಕೆ 5 ಕ್ವಿಂಟಲ್ ಇಟ್ಟುಕೊಂಡರೆ ಮಾರಲು ಉಳಿಯುವುದು 15 ಕ್ವಿಂಟಲ್.

ಮೊದಲನೆಯ ರೈತ ಸಹಕಾರ ಸಂಘದಿಂದ ಬಡ್ಡಿಯಿಲ್ಲದ ಬೆಳೆ ಸಾಲ ಪಡೆದ. ಭತ್ತ ಒಣಗಿಸಿ, 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ನಿಗದಿಯಾದ ಬೆಂಬಲ ಬೆಲೆ 2,369 ರೂಪಾಯಿಗೆ ಮಾರಿದ. ಬಂದದ್ದು 35,535 ರೂಪಾಯಿ. ಖರ್ಚು ಕಳೆದರೆ 5,535 ರೂಪಾಯಿ ಉಳಿಯಿತು.

ಎರಡನೆಯ ರೈತ ಅದೇ 30,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರರಂತೆ ಕೈಸಾಲ ತಂದ. ಜೂನ್‌ನಿಂದ ಡಿಸೆಂಬರ್‌ವರೆಗೆ ಏಳು ತಿಂಗಳಿಗೆ ಬಡ್ಡಿ 6,300 ರೂಪಾಯಿ. ಸಾಲ ಕೊಟ್ಟವರು ಕಣದ ಹತ್ತಿರವೇ ಬಂದು ನಿಂತದ್ದರಿಂದ ಹಸಿ ಭತ್ತವನ್ನೇ ಕ್ವಿಂಟಲಿಗೆ 2,000 ರೂಪಾಯಿಯಂತೆ ಕೊಟ್ಟ. ಬಂದದ್ದು 30,000 ರೂಪಾಯಿ, ಕೊಡಬೇಕಾದದ್ದು 36,300 ರೂಪಾಯಿ.

ಇಬ್ಬರದೂ ಅದೇ ಮಣ್ಣು, ಅದೇ ನೀರು, ಅದೇ ದುಡಿಮೆ. ಆದರೂ ಎರಡನೆಯವನಿಗೆ 6,300 ರೂಪಾಯಿ ಕೊರತೆ ಬಿತ್ತು. ಈ ಕೊರತೆ ಸರಿಯಾಗಿ ಬಡ್ಡಿಯ ಮೊತ್ತದಷ್ಟೇ ಇರುವುದನ್ನು ಗಮನಿಸಬೇಕು. ಕಣದ ಬೆಲೆಯಲ್ಲಿ ಇದು ಮೂರು ಕ್ವಿಂಟಲಿಗೂ ಹೆಚ್ಚಿನ ಭತ್ತ. ಕೊರತೆಯ ಹಣ ಮುಂದಿನ ವರ್ಷದ ಸಾಲದ ಜೊತೆ ಸೇರುತ್ತದೆ. ನೂರಕ್ಕೆ ಮೂರು ಎಂದಾಗ ಕಡಿಮೆಯೆಂದು ತೋರುವ ಬಡ್ಡಿ ವರ್ಷಕ್ಕೆ ನೂರಕ್ಕೆ 36 ಆಗುತ್ತದೆ. ಯಾವ ಭತ್ತದ ತಳಿಯೂ ಈ ವೇಗದಲ್ಲಿ ಇಳುವರಿ ಹೆಚ್ಚಿಸಲಾರದು.

ಥಾಯ್ಲೆಂಡಿನ ಪಾಠ

ಬೆಲೆ ಹೆಚ್ಚಿಸಿದರೆ ಸಾಲ ತಾನಾಗಿ ತೀರುತ್ತದೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ದೇಶಗಳಲ್ಲಿ ಒಂದಾದ ಥಾಯ್ಲೆಂಡಿನ ಅನುಭವ ಇಲ್ಲಿ ನೋಡತಕ್ಕದ್ದು. ಅಲ್ಲಿಯೂ ಸಣ್ಣ ಭತ್ತದ ರೈತರು ಸಾಲದಲ್ಲಿ ಸಿಲುಕಿದವರೇ. 2011ರಲ್ಲಿ ಅಲ್ಲಿನ ಸರ್ಕಾರ ಬಿಳಿ ಅಕ್ಕಿಯ ಭತ್ತಕ್ಕೆ ಟನ್ನಿಗೆ 15,000 ಬಾತ್ ಕೊಡುವುದಾಗಿ ಘೋಷಿಸಿತು. ಇದು ಪೇಟೆ ಧಾರಣೆಗಿಂತ ಬಹಳ ಹೆಚ್ಚು. ಸರ್ಕಾರ ಕೊಂಡ ಅಕ್ಕಿ ಮಾರಾಟವಾಗದೆ ಗೋದಾಮುಗಳಲ್ಲಿ ಉಳಿಯಿತು, ಹಣ ಸಾಲದಾಯಿತು. 2013ರ ಕೊನೆಯ ವೇಳೆಗೆ ಭತ್ತ ಒಪ್ಪಿಸಿ ಚೀಟಿ ಹಿಡಿದ ರೈತರು ತಿಂಗಳುಗಟ್ಟಲೆ ಕಾಯಬೇಕಾಯಿತು. 2014ರ ಆರಂಭದಲ್ಲಿ ಅವರು ರಾಜಧಾನಿ ಬ್ಯಾಂಕಾಕಿಗೆ ಬಂದು ಪ್ರತಿಭಟಿಸಿದರು. ಅದೇ ವರ್ಷ ಆ ಯೋಜನೆ ಕೊನೆಗೊಂಡಿತು.

ಒಳ್ಳೆಯ ಬೆಲೆ ಬೇಕೇ ಬೇಕು. ಆದರೆ ಆ ಬೆಲೆ ಸಾಲದ ವಾಯಿದೆಗೆ ಮುಂಚೆ ಕೈಗೆ ಬರಬೇಕು ಎಂಬುದು ಇದರಿಂದ ತಿಳಿಯತಕ್ಕ ಮಾತು. ನಮ್ಮಲ್ಲಿಯೂ ಖರೀದಿ ಕೇಂದ್ರ ತೆರೆಯುವುದು ತಡವಾದರೆ ಕಾಯಲಾರದ ಸಣ್ಣ ರೈತನಿಗೆ ಬೆಂಬಲ ಬೆಲೆ ದಕ್ಕುವುದಿಲ್ಲ.

ಸಂಘದ ಸಾಲ ಏಕೆ ಸಿಗುವುದಿಲ್ಲ?

ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಆರಂಭವಾಯಿತು. ಆದರೂ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಕಾಲಕ್ಕೆ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ ಇತ್ತು. ಅಂದಿನಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಹೀಗಿದ್ದರೂ ಸಣ್ಣ ರೈತರು ಇದರಿಂದ ಹೊರಗುಳಿಯಲು ಮುಖ್ಯವಾಗಿ ಮೂರು ಕಾರಣಗಳಿವೆ.

1. ಪಹಣಿ ಇನ್ನೂ ತೀರಿಹೋದ ತಂದೆ ಅಥವಾ ತಾತನ ಹೆಸರಿನಲ್ಲಿರುವುದು. ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡು ಉಳುತ್ತಿದ್ದರೂ ಕಾಗದದಲ್ಲಿ ಭಾಗವಾಗಿರುವುದಿಲ್ಲ.

2. ಬೇರೆಯವರ ಗದ್ದೆಯನ್ನು ಗುತ್ತಿಗೆ ಅಥವಾ ವಾರಕ್ಕೆ ಮಾಡುವುದು. 1974ರ ಭೂಸುಧಾರಣೆಯ ನಂತರ ಗೇಣಿಗೆ ಕಾನೂನಿನ ಮನ್ನಣೆ ಇಲ್ಲದ ಕಾರಣ ಇವರ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ.

3. ಹಿಂದಿನ ಸಾಲ ಸುಸ್ತಿಯಾಗಿರುವುದು. ಬಡ್ಡಿ ರಿಯಾಯಿತಿ ಇರುವುದು ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. 2017 ಮತ್ತು 2018ರಲ್ಲಿ ರಾಜ್ಯದಲ್ಲಿ ಸಾಲ ಮನ್ನಾ ಘೋಷಣೆಯಾಯಿತು, ಅನೇಕರಿಗೆ ಉಸಿರಾಡುವಂತಾಯಿತು. ಆದರೆ ಮನ್ನಾ ಆದದ್ದು ಸಂಘ ಮತ್ತು ಬ್ಯಾಂಕುಗಳ ಸಾಲ. ಕೈಸಾಲ ಹಾಗೆಯೇ ಉಳಿಯಿತು. ಇನ್ನೊಂದು ಮನ್ನಾ ಬರಬಹುದೆಂದು ಸಂಘದ ಸಾಲವನ್ನು ಸುಸ್ತಿ ಮಾಡಿದವರು ಮುಂದಿನ ಹಂಗಾಮಿಗೆ ಕೈಸಾಲಕ್ಕೇ ಹೋಗಬೇಕಾಗುತ್ತದೆ.

ಇವಲ್ಲದೆ, ಈಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ವಾರದ ಕಂತಿನ ಕಿರುಸಾಲ ತರುವುದು ಹೆಚ್ಚಿದೆ. ಭತ್ತ ಹಣ ಕೊಡುವುದು ವರ್ಷಕ್ಕೆ ಒಂದು ಸಲ, ಕಂತು ಕೇಳುವುದು ವಾರಕ್ಕೊಂದು ಸಲ. ಇಂಥ ಸಾಲವನ್ನು ಹಾಲು ಅಥವಾ ಕೂಲಿಯ ವರಮಾನ ಇದ್ದರೆ ಮಾತ್ರ ತರಬಹುದು. ಗದ್ದೆಯ ಖರ್ಚಿಗೆ ಇದು ಹೊಂದುವುದಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

ಕಾಗದ ಪತ್ರ: ಯುಗಾದಿಯ ಹೊತ್ತಿಗೆ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಫ್ರೂಟ್ಸ್ ನೋಂದಣಿಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಕೊಳ್ಳಬೇಕು. ಸಂಘದಲ್ಲಿ ಸದಸ್ಯತ್ವ ಇಲ್ಲದವರು ಪಡೆಯಬೇಕು. ಜಮೀನಿನ ದಾಖಲೆ ಇಲ್ಲದವರು ನಾಲ್ಕಾರು ಜನ ಕೂಡಿ ಜಂಟಿ ಬಾಧ್ಯತಾ ಗುಂಪು ರಚಿಸಿಕೊಂಡು ಬ್ಯಾಂಕನ್ನು ಕೇಳಬಹುದು.

ನೀರಿನ ಭರವಸೆ: ನಾಲೆಯ ಕೊನೆ ಭಾಗದ ರೈತರು ನೀರು ಬಿಡುವ ತೀರ್ಮಾನ ತಿಳಿಯದೆ ಭತ್ತಕ್ಕೆ ಸಾಲ ಮಾಡಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ಮರೆಯುವಂತಿಲ್ಲ. ನೀರು ಅನುಮಾನವಾದರೆ ಜಿಪಿಯು-28ರಂಥ ರಾಗಿ ತಳಿ ಹಾಕುವುದು ಕ್ಷೇಮ. ರಾಗಿಗೆ ಖರ್ಚೂ ಕಡಿಮೆ. 2025-26ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ.

ಕೈಖರ್ಚಿನ ಉಳಿತಾಯ: ಸಾಮಾನ್ಯ ನಾಟಿಗೆ ಎಕರೆಗೆ 25 ಕಿಲೋ ಬೀಜ ಬೇಕು. ಶ್ರೀ ಪದ್ಧತಿಯಲ್ಲಿ 2ರಿಂದ 3 ಕಿಲೋ ಸಾಕು. ಆದರೆ ಇದಕ್ಕೆ ನೀರು ಕಟ್ಟುವ ಮತ್ತು ಬಸಿಯುವ ಅನುಕೂಲ ಇರಬೇಕು. ನಾಟಿಗೆ ಮುಂಚೆ ಅಪ್ಸೆಣಬು ಅಥವಾ ಡಯಂಚ ಬೆಳೆದು ಮಣ್ಣಿಗೆ ಸೇರಿಸಿದರೆ ಯೂರಿಯಾ ಉಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅದರಂತೆಯೇ ಗೊಬ್ಬರ ಕೊಡಬೇಕು. ಪಕ್ಕದವರು ಹಾಕಿದರೆಂದು ಇನ್ನೊಂದು ಮೂಟೆ ಯೂರಿಯಾ ಚೆಲ್ಲಿದರೆ ಬೆಂಕಿರೋಗ ಮತ್ತು ಕಂದು ಜಿಗಿಹುಳುವನ್ನು ಕರೆದಂತಾಗುತ್ತದೆ. ಆಮೇಲೆ ಔಷಧಿಗೆ ಮತ್ತೆ ಸಾಲ. ನಾಲ್ಕು ಮನೆಯವರು ಕೂಡಿ ಮುಯ್ಯಾಳಿನಲ್ಲಿ ನಾಟಿ ಮಾಡಿದರೆ ಕೂಲಿಯ ಸಾಲ ತಪ್ಪುತ್ತದೆ.

ವಿಮೆ: ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಭತ್ತಕ್ಕೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ ಎರಡರಷ್ಟು. ಕೊನೆಯ ದಿನಾಂಕಕ್ಕೆ ಕಾಯದೆ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು.

ಮಾರಾಟ: ಬೆಂಬಲ ಬೆಲೆಗೆ ಭತ್ತದ ತೇವಾಂಶ ನೂರಕ್ಕೆ 17 ಮೀರಬಾರದು. ಆದ್ದರಿಂದ ಯಂತ್ರದಲ್ಲಿ ಕೊಯ್ದ ಭತ್ತವನ್ನು ಒಣಗಿಸಿಯೇ ಮಾರಬೇಕು. ಎಲ್ಲವನ್ನೂ ಒಂದೇ ದಿನ ಮಾರದೆ, ತುರ್ತಿಗೆ ಬೇಕಾದಷ್ಟನ್ನು ಮಾರಿ ಉಳಿದುದನ್ನು ಗೋದಾಮಿನಲ್ಲಿಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯಬಹುದು. ಹೊಳೆನರಸೀಪುರ ಸೀಮೆಯ ರಾಜಮುಡಿಗೆ ಪೇಟೆಯಲ್ಲಿ ಒಳ್ಳೆಯ ಬೇಡಿಕೆ ಇದೆ. ಸ್ವಲ್ಪ ಭಾಗದಲ್ಲಿ ಅದನ್ನು ಬೆಳೆದು ಅಕ್ಕಿ ಮಾಡಿ ಮಾರುವುದೂ ಆಲೋಚಿಸತಕ್ಕದ್ದು.

ಮರುಪಾವತಿ: ಭತ್ತದ ಹಣ ಬಂದ ಕೂಡಲೇ ಸಂಘದ ಸಾಲವನ್ನು ವಾಯಿದೆಯೊಳಗೆ ಕಟ್ಟಿ ನವೀಕರಿಸಬೇಕು. ಹಾಗೆ ಸಿಕ್ಕ ಬಡ್ಡಿಯಿಲ್ಲದ ಹೊಸ ಸಾಲ ಮುಂದಿನ ಬೆಳೆಗೆ ಆಗುತ್ತದೆ, ಹೊಸ ಕೈಸಾಲ ಬೇಕಾಗುವುದಿಲ್ಲ. ಉಳಿದ ಹಣ, ಹಾಲಿನ ಹಣ ಎಲ್ಲವನ್ನೂ ಹಳೆಯ ಕೈಸಾಲದ ಅಸಲಿಗೆ ಹಾಕಿ, ಕೊಟ್ಟಾಗಲೆಲ್ಲ ಬರಹದಲ್ಲಿ ಗುರುತು ಪಡೆಯಬೇಕು.

ಸಾಲ ಮಿತಿ ಮೀರಿದ್ದರೆ

ಈಗಾಗಲೇ ಆಳವಾಗಿ ಸಿಲುಕಿರುವವರು ಸಾಲವನ್ನು ಮನೆಯವರಿಂದ ಮುಚ್ಚಿಡಬಾರದು. ಮನೆಯೊಡತಿಗೆ ಲೆಕ್ಕ ತಿಳಿದರೆ ಅರ್ಧ ದಾರಿ ಅಲ್ಲಿಯೇ ಕಾಣುತ್ತದೆ. ಮಿತಿಮೀರಿದ ಬಡ್ಡಿಯನ್ನು 2004ರ ಕರ್ನಾಟಕ ಕಾಯಿದೆ ನಿಷೇಧಿಸುತ್ತದೆ. ಕಿರುಸಾಲದ ವಸೂಲಿಗೆ ಬೆದರಿಕೆ, ಹಿಂಸೆ ಮಾಡುವುದು 2025ರ ಕಾನೂನಿನಂತೆ ಶಿಕ್ಷಾರ್ಹ ಅಪರಾಧ. ಇಂಥ ದೂರನ್ನು ಪೊಲೀಸ್ ಠಾಣೆಗೂ ತಹಶೀಲ್ದಾರರಿಗೂ ಕೊಡಬಹುದು. ಮನಸ್ಸು ಕುಗ್ಗಿದಾಗ 14416 ಟೆಲಿ-ಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಸಾಲ ಎಷ್ಟೇ ಇರಲಿ, ತೀರಿಸಲು ಕಾಲಾವಕಾಶ ಕೇಳಬಹುದು. ಮನೆಯ ಯಜಮಾನನನ್ನು ಕಳೆದುಕೊಂಡ ಕುಟುಂಬಕ್ಕೆ ಆ ಅವಕಾಶ ಇರುವುದಿಲ್ಲ.

ಬೇಸಾಯದ ಬೇರೆ ಶಿಫಾರಸುಗಳಂತೆ ಇದನ್ನೂ ಒಂದು ಶಿಫಾರಸು ಎಂದು ರೈತ ಬಾಂಧವರು ಸ್ವೀಕರಿಸಬೇಕು. ಮಕ್ಕಳ ಹಳೆಯ ನೋಟ್ ಪುಸ್ತಕವೊಂದನ್ನು ತೆಗೆದುಕೊಂಡು, ಮುಂದಿನ ಒಟ್ಟಲಿಗೆ ಬೀಜ ನೆನೆಹಾಕುವ ಮುನ್ನ ನಾಲ್ಕು ಸಾಲು ಬರೆಯಿರಿ: ಎಷ್ಟು ಹಣ ಬೇಕು, ಎಲ್ಲಿಂದ ತರುವುದು, ಯಾವ ತಾರೀಖಿಗೆ ಕಟ್ಟುವುದು, ಆ ತಾರೀಖಿಗೆ ಮುಂಚೆ ಭತ್ತದ ಹಣ ಬರುತ್ತದೆಯೇ. ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಸಾಲಕ್ಕೆ ರುಜು ಹಾಕದೆ ಸಂಘದ ಕಾರ್ಯದರ್ಶಿಯನ್ನೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಒಮ್ಮೆ ವಿಚಾರಿಸಿ.