ವರ್ಣಚಿತ್ರದ ಶೋಧನೆಯಲ್ಲಿ ಪದರಗಳ ವಿವೇಚನೆ

ಗಣಕದ ಪಾಲಿಗೆ ದಾಸವಾಳದ ವರ್ಣಚಿತ್ರವೆಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು; ಕೆಂಪು, ಹಸಿರು, ನೀಲಿಗೆ ಒಂದೊಂದು ಪದರ. ಚಿತ್ರದ ಮೇಲಿನ ಸಣ್ಣ ಚುಕ್ಕೆಗಳನ್ನು ಅಡಗಿಸುವ ಗಾಸಿಯನ್ ಶೋಧಕವು ಪ್ರತಿ ಬಿಂದುವಿನ ಬೆಲೆಯನ್ನು ನೆರೆಯ ಬಿಂದುಗಳೊಡನೆ ಸರಾಸರಿಗೊಳಿಸುತ್ತದೆ. ನೆರೆ ಯಾವುದೆಂಬುದೇ ಇಲ್ಲಿನ ಪ್ರಶ್ನೆ. ಪೈಥಾನ್ ಭಾಷೆಯ ಸೈಕಿಟ್-ಇಮೇಜ್ ಲೈಬ್ರರಿಗೆ ‘ಚಾನೆಲ್ ಆಕ್ಸಿಸ್’ ಯಾವುದೆಂದು ತಿಳಿಸದಿದ್ದರೆ ಅದು ಬಣ್ಣದ ಪದರಗಳನ್ನೂ ನೆರೆಯೆಂದೇ ಎಣಿಸುತ್ತದೆ. ಎಸಳಿನಲ್ಲಿ ಕೆಂಪು 240, ಹಸಿರು 60, ನೀಲಿ 30 ಇದ್ದರೆ, ಶೋಧಕದ ಹರವು ಹೆಚ್ಚಿದಂತೆ ಮೂರೂ ಒಂದೇ ಬೆಲೆಯತ್ತ ಸರಿದು ದಾಸವಾಳ ಬೂದಿಬಣ್ಣಕ್ಕೆ ತಿರುಗುತ್ತದೆ. ತಂತ್ರಾಂಶ ದೋಷವನ್ನೇನೂ ಸೂಚಿಸದು. ವಿದ್ಯಾರ್ಥಿ ಕ್ಯಾಮೆರಾವನ್ನು ದೂರುತ್ತಾನೆ. ಪದರಗಳು ಕೊನೆಯ ಅಕ್ಷದಲ್ಲಿದ್ದರೆ ಅಲ್ಲಿ -1 ಎಂದು ನಮೂದಿಸಬೇಕು. ಈ ಸರಾಸರಿಯನ್ನು ಶಿಕ್ಷಕರು ಮೊದಲು ಕಪ್ಪುಹಲಗೆಯ ಮೇಲೆಯೇ ಮಾಡಿಸುವುದು ಲೇಸು.